ಪ್ರೀತಿಯ ದೇವರು ಸುಮ್ಮನೆ ಕ್ಷಮಿಸಬಾರದಿತ್ತೇ? ಮನೆ ಕೂಟದ ಪಾಠಕ್ಕೆ ಸಲಹೆ ಬೇಕು

ಬೇತೂರು ರಸ್ತೆ (ದಾವಣಗೆರೆ)

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ. ಶನಿವಾರ ಸಂಜೆ ನಡೆಯುವ ಯುವಜನರ ಮನೆ ಕೂಟಕ್ಕೆ ನಾಲ್ಕು ವಾರದ ಪಾಠ ತಯಾರು ಮಾಡಬೇಕಿದೆ. ವಿಷಯ: ದೇವರ ಪ್ರೀತಿ, ನಂಬಿಕೆಯಿಂದ ರಕ್ಷಣೆ. ಹಾಡು, ಪ್ರಾರ್ಥನೆ ಕಳೆದು ಪಾಠಕ್ಕೆ ಮುಕ್ಕಾಲು ಗಂಟೆ ಸಿಗುತ್ತದೆ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಮನೆಗಳವರು, ಪೆಂಟೆಕೊಸ್ತ್ ಸಭೆಯವರು ಬರುತ್ತಾರೆ. ಜೊತೆಗೆ ಮೂರ್ನಾಲ್ಕು ಲಿಂಗಾಯತ ಮನೆಯ ಕಾಲೇಜು ಹುಡುಗರೂ ಇರುತ್ತಾರೆ. ಗಟ್ಟಿ ಪ್ರಶ್ನೆ ಕೇಳುವವರು ಅವರೇ.

ಯೋಹಾನ 3:16 ಎಲ್ಲರಿಗೂ ಬಾಯಿಪಾಠ. ಅದಕ್ಕೇ ಅಲ್ಲಿಂದ ಮುಂದಕ್ಕೆ ಹೋಗುವುದು ಕಷ್ಟ. ಈಗಾಗಲೇ ಬಂದಿರುವ ಪ್ರಶ್ನೆಗಳು: ದೇವರು ಪ್ರೀತಿಸ್ವರೂಪಿ ಅಂದಮೇಲೆ ಶಿಲುಬೆ ಯಾಕೆ ಬೇಕಿತ್ತು? ಲೂಕ 15ರಲ್ಲಿ ತಪ್ಪಿಹೋದ ಮಗನನ್ನು ಅಪ್ಪ ಅಪ್ಪಿಕೊಂಡ ಹಾಗೆ ಸುಮ್ಮನೆ ಕ್ಷಮಿಸಬಾರದಿತ್ತೇ? ‘ಮಾಡಿದ್ದುಣ್ಣೋ ಮಹರಾಯ’ ಅನ್ನುವುದು ನ್ಯಾಯ, ಒಬ್ಬ ಮಾಡಿದ್ದನ್ನು ಇನ್ನೊಬ್ಬ ಉಂಡರೆ ಅದೆಂಥ ನ್ಯಾಯ? ಕ್ರಿಯೆಯಿಂದಲ್ಲ, ನಂಬಿಕೆಯಿಂದ ಅಂತೀರಿ, ನಂಬುವುದೂ ಒಂದು ಕ್ರಿಯೆಯೇ ಆಗಲಿಲ್ಲವೇ? ಮತ್ತೆ, ಬರೀ ನಂಬಿಕೆಯಿಂದಲ್ಲ, ಕ್ರಿಯೆಗಳಿಂದಲೂ ಮನುಷ್ಯ ನೀತಿವಂತನಾಗುತ್ತಾನೆ ಎನ್ನುವ ಯಾಕೋಬ 2:24?

ನನಗೆ ಬೇಕಿರುವುದು ಸುಧಾರಣಾ ಕಾಲದಿಂದ ಬಂದ ಪ್ರೊಟೆಸ್ಟಂಟ್ ಬೋಧನೆಯ ಉತ್ತರ. ಯಾವ ವಾಕ್ಯ, ಯಾವ ಕ್ರಮ, ಪಾಠ ಹೇಳುವವರು ಎಲ್ಲಿ ಜಾರುತ್ತಾರೆ, ಇಷ್ಟು ತಿಳಿಸಿ.

ಕೋಟೆ ಬಾಗಿಲು (ಚಿತ್ರದುರ್ಗ)

ಬ್ರದರ್, ಜಾರುವ ಜಾಗದಿಂದಲೇ ಶುರುಮಾಡುತ್ತೇನೆ. ಸಿಟ್ಟಿನ ತಂದೆ, ಕರುಣೆಯ ಮಗ, ಮಗ ನಡುವೆ ಬಂದು ಜೀವ ಕೊಟ್ಟ ಮೇಲೆ ತಂದೆಯ ಮನಸ್ಸು ಕರಗಿತು. ಎಷ್ಟೋ ಪ್ರಸಂಗಗಳಲ್ಲಿ ಕೇಳುವುದು ಇದನ್ನೇ. ಇದು ತಲೆಕೆಳಗಾದ ಸುವಾರ್ತೆ. ಯೋಹಾನ 3:16ರಲ್ಲಿ ಕೊಟ್ಟವನು ತಂದೆ, ಕೊಟ್ಟದ್ದು ಪ್ರೀತಿಯಿಂದ. 1 ಯೋಹಾನ 4:10 ಇನ್ನೂ ಖಚಿತವಾಗಿ ಹೇಳುತ್ತದೆ: ನಾವು ದೇವರನ್ನು ಪ್ರೀತಿಸಿದ್ದರಲ್ಲಿ ಅಲ್ಲ, ಆತನು ನಮ್ಮನ್ನು ಪ್ರೀತಿಸಿ ತನ್ನ ಮಗನನ್ನು ಪ್ರಾಯಶ್ಚಿತ್ತಕ್ಕಾಗಿ ಕಳುಹಿಸಿದ್ದರಲ್ಲಿ ಪ್ರೀತಿ ಕಾಣುತ್ತದೆ. ಪ್ರೀತಿ ಶಿಲುಬೆಯ ಫಲವಲ್ಲ, ಶಿಲುಬೆಯೇ ಪ್ರೀತಿಯ ಫಲ. ಈ ದಿಕ್ಕು ಮೊದಲ ವಾರವೇ ಕೂರದಿದ್ದರೆ ಮುಂದಿನ ಮೂರು ವಾರವೂ ಓರೆಯಾಗಿಯೇ ಹೋಗುತ್ತವೆ.

ಇನ್ನೊಂದು ಕಡೆ ಜಾರುವವರೂ ಇದ್ದಾರೆ. ಅವರು ದೇವರ ಕೋಪದ ಮಾತೇ ಎತ್ತುವುದಿಲ್ಲ. ಅದೇ ಯೋಹಾನ 3ನೇ ಅಧ್ಯಾಯದ ಕೊನೆಯ ವಚನ, 36ನೆಯದು, ನಂಬದವನ ಮೇಲೆ ದೇವರ ಕೋಪ ನೆಲೆಗೊಂಡಿರುತ್ತದೆ ಎನ್ನುತ್ತದೆ. 16 ಓದಿಸುವವರು 18ನ್ನೂ 36ನ್ನೂ ಓದಿಸಲಿ.

‘ಸುಮ್ಮನೆ ಕ್ಷಮಿಸುವುದು’ ಅಂದರೆ ಏನು ಎಂದು ತೋರಿಸಲು 2 ಸಮುವೇಲ 11, 12 ತೆಗೆಯಿರಿ. ದಾವೀದ ಬತ್ಷೆಬೆಯನ್ನು ಕರೆಸಿಕೊಂಡ, ವಿಷಯ ಮುಚ್ಚಿಡಲು ಅವಳ ಗಂಡ ಊರೀಯನನ್ನು ಯುದ್ಧದ ಮುಂಚೂಣಿಗೆ ಹಾಕಿಸಿ ಕೊಲ್ಲಿಸಿದ. ಕೊಲ್ಲಿಸುವ ಪತ್ರವನ್ನು ಊರೀಯನ ಕೈಯಲ್ಲೇ ಕಳುಹಿಸಿದ್ದು 11:14ರಲ್ಲಿದೆ, ಅದನ್ನು ಬಿಡಬೇಡಿ. ಆಮೇಲೆ ಪ್ರವಾದಿ ನಾತಾನ ಬಂದು ಎದುರು ನಿಂತು ಹೇಳಿದ, ದಾವೀದ ‘ಪಾಪಮಾಡಿದ್ದೇನೆ’ ಅಂದ, ಕರ್ತನು ನಿನ್ನ ಪಾಪವನ್ನು ತೆಗೆದುಹಾಕಿದ್ದಾನೆ, ನೀನು ಸಾಯುವುದಿಲ್ಲ ಎಂಬ ಉತ್ತರ ಅದೇ ವಚನದಲ್ಲಿ ಬಂತು (12:13). ಇಲ್ಲಿ ನಿಲ್ಲಿಸಿ, ಹುಡುಗರನ್ನು ಊರೀಯನ ಅಣ್ಣತಮ್ಮಂದಿರ ಜಾಗದಲ್ಲಿ ಕೂರಿಸಿ. ಅವರಿಗೆ ಈ ಕ್ಷಮೆ ಹೇಗೆ ಕೇಳಿಸುತ್ತದೆ? ಕೊಂದವನು ಸಿಂಹಾಸನದ ಮೇಲೇ ಇದ್ದಾನೆ. ಜ್ಞಾನೋಕ್ತಿ 17:15 ದುಷ್ಟನನ್ನು ನೀತಿವಂತನೆಂದು ತೀರ್ಪುಕೊಡುವವನು ಕರ್ತನಿಗೆ ಅಸಹ್ಯ ಎನ್ನುತ್ತದೆ. ಹಾಗಾದರೆ ದೇವರೇ ಅದನ್ನು ಮಾಡಿದನೇ?

ಈ ಪ್ರಶ್ನೆಯನ್ನು ಪೌಲ ತಪ್ಪಿಸಿಕೊಂಡು ಹೋಗುವುದಿಲ್ಲ. ರೋಮಾಪುರ 3:25, 26 ಬರೆದದ್ದೇ ಇದಕ್ಕೆ. ಹಿಂದಿನ ಕಾಲದ ಪಾಪಗಳನ್ನು ದೇವರು ತಾಳ್ಮೆಯಿಂದ ದಂಡಿಸದೆ ಬಿಟ್ಟಿದ್ದ, ಹಾಗಾಗಿ ಆತನ ನೀತಿಯೇ ಅನುಮಾನಕ್ಕೆ ಸಿಕ್ಕಿತ್ತು. ಕ್ರಿಸ್ತನ ರಕ್ತದಲ್ಲಿ ಆ ಬಾಕಿ ಬಹಿರಂಗವಾಗಿ ತೀರಿತು, ಆದ್ದರಿಂದ ದೇವರು ತಾನೂ ನೀತಿವಂತನಾಗಿ ಉಳಿದು ಯೇಸುವನ್ನು ನಂಬುವವನನ್ನೂ ನೀತಿವಂತನೆಂದು ನಿರ್ಣಯಿಸುತ್ತಾನೆ. ಮುಂದಿನ ಅಧ್ಯಾಯದಲ್ಲಿ (4:6-8) ಪೌಲ ಸಾಕ್ಷಿಗೆ ಕರೆಯುವುದು ಇದೇ ದಾವೀದನನ್ನು, 32ನೇ ಕೀರ್ತನೆಯ ಮೂಲಕ. ನಾತಾನನ ಆ ಒಂದು ವಾಕ್ಯದ ಹಿಂದೆ ಕಲ್ವಾರಿಯ ಶಿಲುಬೆ ಇತ್ತು.

ಲೂಕ 15ಕ್ಕೆ ಚಿಕ್ಕ ಉತ್ತರ ಸಾಕು. ಆ ಸಾಮ್ಯ ಹೇಳಿದ್ದು 15:2ರ ಗೊಣಗಾಟಕ್ಕೆ: ಇವನು ಪಾಪಿಗಳ ಜೊತೆ ಊಟಮಾಡುತ್ತಾನಲ್ಲ ಎಂಬುದಕ್ಕೆ. ಕ್ಷಮೆಯ ಬೆಲೆ ಯಾರು ಕೊಟ್ಟರು ಎಂಬುದು ಅಲ್ಲಿಯ ವಿಷಯವೇ ಅಲ್ಲ. ಅದನ್ನು ಅದೇ ಲೂಕನು 22:20ರಲ್ಲಿ, ಯೇಸು ಕೊನೆಯ ಊಟದಲ್ಲಿ ಪಾತ್ರೆಯನ್ನು ಕೊಡುವಾಗ ಹೇಳಿದ, ನಿಮಗೋಸ್ಕರ ಸುರಿಸಲ್ಪಡುವ ರಕ್ತ ಎಂಬ ಮಾತಿನಲ್ಲಿ ಇಡುತ್ತಾನೆ.

ಕೊನೆಗೆ ‘ಮಾಡಿದ್ದುಣ್ಣೋ ಮಹರಾಯ’. ಈ ಗಾದೆಯನ್ನು ಅಲ್ಲಗಳೆಯಲು ಹೋಗಬೇಡಿ, ಅರ್ಧ ದಾರಿ ಅದು ನಿಮ್ಮ ಜೊತೆಗೇ ಬರುತ್ತದೆ. ಪಾಪದ ಸಂಬಳ ಮರಣ (ರೋಮಾಪುರ 6:23), ಆ ಸಂಬಳ ಬಟವಾಡೆಯಾಗದೆ ಉಳಿಯುವುದಿಲ್ಲ. ಇನ್ನೊಬ್ಬ ಉಣ್ಣಬಹುದೇ ಎಂಬುದಷ್ಟೇ ಚರ್ಚೆ. ಬಲವಂತದಿಂದ ಮೂರನೆಯವನ ಮೇಲೆ ಹೊರಿಸಿದರೆ ಅನ್ಯಾಯವೇ ಸರಿ, ಯೆಹೆಜ್ಕೇಲ 18:20 ಕೂಡ ಹಾಗೇ ಹೇಳುತ್ತದೆ. ಶಿಲುಬೆಯಲ್ಲಿ ಮೂರನೆಯವನು ಇಲ್ಲ. ಯಾರಿಗೆ ವಿರೋಧವಾಗಿ ಪಾಪವಾಯಿತೋ ಆ ದೇವರೇ ಮನುಷ್ಯನಾಗಿ ಬಂದು, ತಾನಾಗಿಯೇ (ಯೋಹಾನ 10:18), ತನ್ನವರ ಶಿರಸ್ಸಾಗಿ, ಅಂದರೆ ಅವರೆಲ್ಲರ ಪ್ರತಿನಿಧಿಯಾಗಿ (ರೋಮಾಪುರ 5:12-19) ಹೊತ್ತುಕೊಂಡ. ರೈಲು ಸೇತುವೆ ಕಾಯುವವನು ಪ್ರಯಾಣಿಕರನ್ನು ಉಳಿಸಲು ಆಟವಾಡುತ್ತಿದ್ದ ಮಗನನ್ನು ಬಲಿಕೊಟ್ಟ ಕಥೆ ಪ್ರಸಂಗಗಳಲ್ಲಿ ಓಡಾಡುತ್ತದಲ್ಲ, ಅದನ್ನು ದಯವಿಟ್ಟು ಹೇಳಬೇಡಿ. ಅಲ್ಲಿ ಮಗನಿಗೆ ಗೊತ್ತೇ ಇರುವುದಿಲ್ಲ, ಅಪ್ಪನಿಗೆ ಅದು ಬೇರೆ ದಾರಿ ಕಾಣದೆ ಆದ ಅಪಘಾತ. ಕೇಳುವವರು ಅಳುತ್ತಾರೆ, ಬೋಧನೆ ಮಾತ್ರ ಕೆಟ್ಟುಹೋಗುತ್ತದೆ.

ಮಂಡಿಪೇಟೆ (ದಾವಣಗೆರೆ)

ನಂಬುವುದೂ ಕ್ರಿಯೆಯೇ ಎಂಬ ಪ್ರಶ್ನೆಗೆ ಬರುತ್ತೇನೆ.

ರಕ್ಷಣೆಗೆ ಆಧಾರ ಒಂದು, ಅದನ್ನು ಪಡೆಯುವ ಸಾಧನ ಇನ್ನೊಂದು. ಆಧಾರ ಕ್ರಿಸ್ತನ ವಿಧೇಯತೆ ಮತ್ತು ಮರಣ, ನಂಬಿಕೆ ಸಾಧನ ಮಾತ್ರ. ರೋಮಾಪುರ 4:4, 5ರಲ್ಲಿ ಪೌಲ ಎರಡನ್ನೂ ಎದುರುಬದುರು ನಿಲ್ಲಿಸುತ್ತಾನೆ: ಕೆಲಸ ಮಾಡಿದವನಿಗೆ ಕೂಲಿ ಸಲ್ಲತಕ್ಕದ್ದು, ಅದನ್ನು ಕೃಪೆ ಅನ್ನಲಾಗದು. ಕೆಲಸ ಮಾಡದೆ, ಭಕ್ತಿಹೀನನನ್ನು ನೀತಿವಂತನೆಂದು ನಿರ್ಣಯಿಸುವಾತನನ್ನು ನಂಬುವವನಿಗೆ ಆ ನಂಬಿಕೆ ನೀತಿಯೆಂದು ಎಣಿಕೆಯಾಗುತ್ತದೆ. 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರಾವಳಿಯ 129 ಪ್ರಶ್ನೆಗಳಲ್ಲಿ 61ನೆಯದು ನೇರವಾಗಿ ಇದನ್ನೇ ಕೇಳುತ್ತದೆ. ಉತ್ತರದ ತಿರುಳು: ನನ್ನ ನಂಬಿಕೆ ಯೋಗ್ಯವಾಗಿದೆ ಅಂತ ದೇವರು ನನ್ನನ್ನು ಸ್ವೀಕರಿಸುವುದಿಲ್ಲ, ಕ್ರಿಸ್ತನ ನೀತಿಯೇ ದೇವರ ಮುಂದೆ ನನ್ನ ನೀತಿ, ಅದನ್ನು ನನ್ನದಾಗಿಸಿಕೊಳ್ಳಲು ನಂಬಿಕೆ ಬಿಟ್ಟು ಬೇರೆ ದಾರಿಯಿಲ್ಲ.

ಲೆಕ್ಕದ ಉದಾಹರಣೆ ದಾವಣಗೆರೆಯವರಿಗೆ ಕಷ್ಟವಾಗುವುದಿಲ್ಲ, ಪೌಲನೇ ಫಿಲೆಮೋನ 18ರಲ್ಲಿ ಕೊಟ್ಟಿದ್ದಾನೆ. ನಿನ್ನ ದಾಸ ಒನೇಸಿಮನು ನಿನಗೆ ಏನಾದರೂ ಕೊಡಬೇಕಿದ್ದರೆ ಅದನ್ನು ನನ್ನ ಲೆಕ್ಕಕ್ಕೆ ಹಾಕು ಎನ್ನುತ್ತಾನೆ. ಬೋರ್ಡಿನ ಮೇಲೆ ಎರಡು ಖಾತೆ ಬರೆಯಿರಿ, ಒಂದು ಪಾಪಿಯದು, ಒಂದು ಕ್ರಿಸ್ತನದು. 2 ಕೊರಿಂಥ 5:21 ಓದಿ ಎರಡು ಬಾಣ ಎಳೆಯಿರಿ: ನಮ್ಮ ಪಾಪ ಆಚೆಗೆ, ಆತನ ನೀತಿ ಈಚೆಗೆ. ಬಹಳ ಜನ ಮೊದಲ ಬಾಣ ಎಳೆದು ಚಾಕ್‌ಪೀಸ್ ಕೆಳಗಿಡುತ್ತಾರೆ. ಹಾಗೆ ಮಾಡಿದರೆ ಸಾಲ ತೀರಿತು, ಖಾತೆಯಲ್ಲಿ ಸೊನ್ನೆ ಉಳಿಯಿತು, ಇನ್ನು ಮುಂದೆ ಪುಣ್ಯ ಜಮಾ ಮಾಡುವುದು ನಿನ್ನ ಹೊಣೆ ಎಂದಾಗುತ್ತದೆ. ಕೇಳಿದವನು ಮನೆಗೆ ಹೋಗಿ ಉಪವಾಸ, ಕಾಣಿಕೆ, ಕೂಟದ ಹಾಜರಿ ಎಣಿಸಲು ಕೂರುತ್ತಾನೆ. ಎರಡನೆಯ ಬಾಣಕ್ಕೆ ಫಿಲಿಪ್ಪಿ 3:9 ಸೇರಿಸಿ. ಆದರೆ ಈ ಉದಾಹರಣೆಗೂ ಮಿತಿ ಇದೆ. ಮಂಡಿಯಲ್ಲಿ ಸಾಲ ಕೊಟ್ಟವನೇ ಬಂದು ಸಾಲಗಾರನ ಪರವಾಗಿ ಕಟ್ಟುವುದಿಲ್ಲ. ಕೋಟೆ ಬಾಗಿಲು ಅಣ್ಣ ಹೇಳಿದ ಹಾಗೆ ಇಲ್ಲಿ ಆದದ್ದು ಅದೇ.

ನಂಬಿಕೆಯ ಒಳಗೆ ಹಳೆಯ ಬೋಧಕರು ಮೂರು ಅಂಶ ಎಣಿಸುತ್ತಾರೆ: ತಿಳಿವಳಿಕೆ, ಒಪ್ಪಿಗೆ, ಭರವಸೆ. ಮೊದಲ ಎರಡು ದೆವ್ವಗಳಿಗೂ ಇವೆ (ಯಾಕೋಬ 2:19). ಮೂರನೆಯದು ಇಲ್ಲದೆ ರಕ್ಷಣೆಯ ನಂಬಿಕೆ ಆಗುವುದಿಲ್ಲ. ಹಾಗಂತ ಮೊದಲನೆಯದನ್ನು ಬಿಟ್ಟು ಬರೀ ಭಾವುಕತೆಯಿಂದ ‘ಯೇಸುವನ್ನು ಹೃದಯಕ್ಕೆ ಕರೆಯಿರಿ’ ಅಂದರೂ ಆಗದು. ಯಾವ ಯೇಸು, ಯಾತಕ್ಕೆ ಸತ್ತ, ಮೂರನೆಯ ದಿನ ಏನಾಯಿತು ಎಂಬುದು ಗೊತ್ತಿಲ್ಲದವನು ಯಾರ ಮೇಲೆ ಭರವಸೆ ಇಟ್ಟಾನು? ಕೊನೆಯಲ್ಲಿ ಕೈ ಎತ್ತಿಸಿ, ಒಂದು ಪ್ರಾರ್ಥನೆ ಹೇಳಿಕೊಡಿಸಿ, ‘ಇಂದಿನಿಂದ ನೀನು ರಕ್ಷಣೆ ಹೊಂದಿದ್ದೀ’ ಎಂದು ಘೋಷಿಸುವ ಪದ್ಧತಿ ಬೇಡ. ಹಾಗೆ ಮಾಡಿದರೆ ಕೈ ಎತ್ತಿದ್ದೇ ಹೊಸ ಕ್ರಿಯೆಯಾಗುತ್ತದೆ, ಹುಡುಗರ ಪ್ರಶ್ನೆ ನಿಜವಾಗಿಬಿಡುತ್ತದೆ.

ನಂಬಿಕೆ ಎಷ್ಟಿರಬೇಕು ಅಂತಲೂ ಕೇಳುತ್ತಾರೆ. ಮಾರ್ಕ 9:24ರ ಆ ತಂದೆ, ‘ನಂಬುತ್ತೇನೆ, ನನ್ನ ಅಪನಂಬಿಕೆಯನ್ನು ನಿವಾರಿಸು’ ಅಂದವನು, ಅವನ ಮಗ ಗುಣವಾದ. ಅಷ್ಟು ಸಾಕು.

ಬೇತೂರು ರಸ್ತೆ (ದಾವಣಗೆರೆ)

ಅಣ್ಣಾ, ಊರೀಯನ ಮನೆಯವರ ಕಡೆಯಿಂದ ನೋಡುವುದು ಹೊಳೆದೇ ಇರಲಿಲ್ಲ. ಯಾಕೋಬ ಉಳಿಯಿತು. 2:24 ಓದಿದಾಕ್ಷಣ ಒಬ್ಬ ‘ನಂಬಿಕೆ ಮಾತ್ರದಿಂದಲ್ಲ ಅಂತ ನಿಮ್ಮ ಸತ್ಯವೇದದಲ್ಲೇ ಇದೆಯಲ್ಲ’ ಅಂದ.

ಹೊಳಲ್ಕೆರೆ ರಸ್ತೆ (ಚಿತ್ರದುರ್ಗ)

ಇದೆ, ಇಲ್ಲ ಅನ್ನಬಾರದು. ಪೌಲ, ಯಾಕೋಬ ಇಬ್ಬರೂ ಅಬ್ರಹಾಮನನ್ನೇ ಎತ್ತಿಕೊಳ್ಳುತ್ತಾರೆ, ಆದ್ದರಿಂದ ಅಬ್ರಹಾಮನ ವಯಸ್ಸು ಬರೆದುಕೊಂಡು ಕೂತರೆ ಗಂಟು ಬಿಚ್ಚುತ್ತದೆ. ಆದಿಕಾಂಡ 15:6ರಲ್ಲಿ ಅವನು ನಂಬಿದ, ಅದು ನೀತಿಯೆಂದು ಎಣಿಕೆಯಾಯಿತು. ಇದು ಇಷ್ಮಾಯೇಲ ಹುಟ್ಟುವ ಮೊದಲು, ಅಂದರೆ ಅವನಿಗೆ 86 ತುಂಬುವ ಮೊದಲು (16:16). ಸುನ್ನತಿಯಾದದ್ದು 99ಕ್ಕೆ (17:24). ಇಸಾಕ ಹುಟ್ಟಿದ್ದು 100ಕ್ಕೆ (21:5). ಇಸಾಕನನ್ನು ಬಲಿಕೊಡಲು ಕರೆದೊಯ್ದ ಮೋರೀಯ ಬೆಟ್ಟ 22ನೇ ಅಧ್ಯಾಯದಲ್ಲಿ, ಆಗ ಇಸಾಕ ಹೋಮದ ಕಟ್ಟಿಗೆ ಹೊರುವಷ್ಟು ದೊಡ್ಡವನು.

ಪೌಲ ರೋಮಾಪುರ 4ರಲ್ಲಿ ನಿಲ್ಲುವುದು 15:6ರ ಬಳಿ: ದೇವರು ಯಾವಾಗ ಸ್ವೀಕರಿಸಿದ, ಸುನ್ನತಿಗೆ ಮೊದಲೋ ಆಮೇಲೋ? ಯಾಕೋಬ 2:21ರಲ್ಲಿ ನಿಲ್ಲುವುದು 22ನೇ ಅಧ್ಯಾಯದ ಬಳಿ: ಆಗಲೇ ಎಣಿಕೆಯಾಗಿದ್ದ ಆ ನಂಬಿಕೆ ಜೀವಂತವೋ ಸತ್ತದ್ದೋ? ಯಾಕೋಬನ ಎದುರಾಳಿ ‘ನನಗೆ ನಂಬಿಕೆ ಇದೆ’ ಎಂದು ಬಾಯಲ್ಲಿ ಹೇಳಿ, ಹಸಿದ ಸಹೋದರನಿಗೆ ‘ಸಮಾಧಾನದಿಂದ ಹೋಗು, ಬೆಚ್ಚಗಿರು, ಹೊಟ್ಟೆ ತುಂಬಿಸಿಕೋ’ ಅಂದು ಬರಿಗೈಯಲ್ಲಿ ಕಳುಹಿಸುವವನು (2:14-16). ಪೌಲನ ಎದುರಾಳಿ ನೇಮ ನಿಷ್ಠೆಯನ್ನು ದೇವರ ಮುಂದೆ ಬಂಡವಾಳವಾಗಿ ಇಡುವವನು. ರೋಗ ಬೇರೆ, ಮದ್ದೂ ಬೇರೆ.

ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣದ 11ನೇ ಅಧ್ಯಾಯ ಎರಡನ್ನೂ ಒಟ್ಟಿಗೆ ಹಿಡಿಯುತ್ತದೆ: ನೀತಿನಿರ್ಣಯಕ್ಕೆ ನಂಬಿಕೆಯೊಂದೇ ಸಾಧನ, ಆದರೆ ನೀತಿವಂತನೆಂದು ನಿರ್ಣಯ ಹೊಂದಿದವನಲ್ಲಿ ಆ ನಂಬಿಕೆ ಒಂಟಿಯಾಗಿ ಇರುವುದಿಲ್ಲ. ಎಫೆಸ 2:8, 9ನ್ನು ಬಾಯಿಪಾಠ ಮಾಡಿಸುವವರು 10ನೆಯದನ್ನೂ ಸೇರಿಸಿಕೊಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ‘ಹಾಗಾದರೆ ಬೇಕಾದ್ದು ಮಾಡಬಹುದಲ್ಲ’ ಎಂಬ ಪ್ರಶ್ನೆ ನಿಮ್ಮ ಕೂಟದಲ್ಲಿ ಬರದೇ ಹೋದರೆ ಪಾಠದಲ್ಲಿ ಏನೋ ಕಡಿಮೆಯಾಗಿದೆ ಅಂತ ಲೆಕ್ಕ. ಪೌಲನಿಗೇ ಬಂದ ಪ್ರಶ್ನೆ ಅದು (ರೋಮಾಪುರ 6:1).

ಮತ್ತೊಂದು ಮಾತು. ಲಿಂಗಾಯತ ಹುಡುಗರೆದುರು ‘ಬೇರೆಯವರಿಗೆ ಕೃಪೆ ಅಂದರೇನೆಂದೇ ಗೊತ್ತಿಲ್ಲ’ ಅನ್ನಬೇಡಿ. ‘ನೀನೊಲಿದರೆ ಕೊರಡು ಕೊನರುವುದಯ್ಯಾ’ ಅಂದ ಬಸವಣ್ಣನವರ ಮಾತು ಕೇಳಿ ಬೆಳೆದವರು ಅವರು. ದೇವರು ಒಲಿಯುತ್ತಾನೆ ಎಂಬುದು ಅವರಿಗೆ ಹೊಸದಲ್ಲ. ಒಲಿದ ದೇವರು ಪಾಪದ ತೀರ್ಪನ್ನು ಎಲ್ಲಿ, ಯಾವಾಗ, ಯಾರ ಮೇಲೆ ಜಾರಿಮಾಡಿದ ಎಂಬಲ್ಲಿ ಸುವಾರ್ತೆಯ ಪ್ರತಿಪಾದನೆ ಇದೆ. ಪೊಂತ್ಯ ಪಿಲಾತನ ಕಾಲದಲ್ಲಿ, ಯೆರೂಸಲೇಮಿನ ಊರಾಚೆ ನಡೆದ ಸಂಗತಿ ಅದು. ವ್ಯತ್ಯಾಸವನ್ನು ಅಲ್ಲಿಡಿ, ಅವರ ಮನೆಯವರ ಭಕ್ತಿಯನ್ನು ಹೀಗಳೆಯುವುದರಲ್ಲಿ ಅಲ್ಲ.

ತುಂಗಭದ್ರೆ (ಹರಿಹರ)

ಇಲ್ಲಿ ಯಾರೂ ಕಥೋಲಿಕರ ವಿಷಯ ಎತ್ತಿಲ್ಲ, ಆದರೆ ಕೂಟದಲ್ಲಿ ಬಂದೇ ಬರುತ್ತದೆ. ಸೆಪ್ಟೆಂಬರ್ 8ರ ಆರೋಗ್ಯ ಮಾತೆಯ ಹಬ್ಬಕ್ಕೆ ಹರಿಹರಕ್ಕೆ ಎಲ್ಲ ಜಾತಿಮತದವರೂ ಹರಕೆ ಹೊತ್ತು ಬರುತ್ತಾರೆ, ನಿಮ್ಮ ಹುಡುಗರ ಮನೆಯವರೂ ಬಂದಿರಬಹುದು. ಆಗ ಯಾರಾದರೂ ‘ಕಥೋಲಿಕರು ಕ್ರಿಯೆಯಿಂದ ರಕ್ಷಣೆ ಅಂತಾರೆ, ನಾವು ನಂಬಿಕೆಯಿಂದ ಅಂತೇವೆ’ ಎಂದು ಒಂದೇ ಏಟಿಗೆ ಮುಗಿಸುತ್ತಾರೆ. ಅದು ತಪ್ಪು ಚಿತ್ರ. ಸುಧಾರಣೆಗೆ ಉತ್ತರವಾಗಿ ಕಥೋಲಿಕ ಸಭೆ ಕರೆದ ಟ್ರೆಂಟ್ ಮಹಾಸಭೆಯ ಆರನೇ ಅಧಿವೇಶನ (13 ಜನವರಿ 1547) ಹೊರಡಿಸಿದ 33 ನಿಯಮಗಳಲ್ಲಿ ಮೊದಲನೆಯದೇ, ಕೃಪೆಯಿಲ್ಲದೆ ಸ್ವಂತ ಕ್ರಿಯೆಯಿಂದ ನೀತಿವಂತನಾಗಬಹುದು ಎನ್ನುವವನನ್ನು ಖಂಡಿಸುತ್ತದೆ.

ನಿಜವಾದ ಭೇದ ಮುಂದಿದೆ. 9ನೇ ನಿಯಮ ನಂಬಿಕೆಯೊಂದೇ ಸಾಕು ಎಂಬ ಬೋಧನೆಯನ್ನು ತಳ್ಳಿಹಾಕುತ್ತದೆ. ಸತ್ಕ್ರಿಯೆಗಳು ಹೊಂದಿದ ನೀತಿಯ ಫಲ, ಗುರುತು ಮಾತ್ರ, ಅದು ಹೆಚ್ಚಲು ಕಾರಣವಲ್ಲ ಎನ್ನುವುದನ್ನು 24ನೆಯದು ತಳ್ಳಿಹಾಕುತ್ತದೆ. ಪ್ರೊಟೆಸ್ಟಂಟರು ಹೇಳುವುದು 24ನೆಯದು ತಳ್ಳಿಹಾಕಿದ ಆ ಮಾತನ್ನೇ: ಕ್ರಿಯೆಗಳು ಫಲ, ಕಾರಣವಲ್ಲ. ನೀತಿನಿರ್ಣಯ ನ್ಯಾಯಾಧೀಶನ ತೀರ್ಪು, ಒಮ್ಮೆಗೇ ಪೂರ್ಣ, ಏರಿಳಿತವಿಲ್ಲ. ಬದುಕು ಶುದ್ಧವಾಗುತ್ತಾ ಹೋಗುವುದು ಬೇರೆ ಕೆಲಸ, ಅದು ಜೀವಮಾನವಿಡೀ ನಡೆಯುತ್ತದೆ. ಎರಡನ್ನೂ ಕಲಸಿದರೆ ಇವತ್ತು ಚೆನ್ನಾಗಿ ನಡೆದವನಿಗೆ ಧೈರ್ಯ, ನಾಳೆ ಎಡವಿದವನಿಗೆ ಭಯ. ಅಂದಹಾಗೆ 31 ಅಕ್ಟೋಬರ್ 1999ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟವೂ ಕಥೋಲಿಕ ಸಭೆಯೂ ನೀತಿನಿರ್ಣಯದ ಬಗ್ಗೆ ಜಂಟಿ ಘೋಷಣೆಗೆ ಸಹಿ ಹಾಕಿದವು. ಅಮೆರಿಕದ ಮಿಸೂರಿ ಸಿನಡ್‌ನಂಥ ಸಾಂಪ್ರದಾಯಿಕ ಲೂಥರನ್ನರು ಅದನ್ನು ಒಪ್ಪಲಿಲ್ಲ. ‘ಜಗಳ ಮುಗಿದಿದೆಯಲ್ಲ’ ಎಂದು ಯಾರಾದರೂ ಕೇಳಿದರೆ ಇದಿಷ್ಟು ಹೇಳಿ.

ಬೇತೂರು ರಸ್ತೆ (ದಾವಣಗೆರೆ)

ಎಲ್ಲರಿಗೂ ಉಪಕಾರ. ಇನ್ನೆರಡು ಮಾತ್ರ. ದೇವರು ಎಲ್ಲರನ್ನೂ ಒಂದೇ ರೀತಿ ಪ್ರೀತಿಸುತ್ತಾನೋ, ಆರಿಸಿಕೊಂಡವರನ್ನು ಬೇರೆ ರೀತಿಯೋ ಎಂದು ಯಾರಾದರೂ ಎತ್ತಿದರೆ? ಮತ್ತೆ ವಾರಗಳಿಗೆ ಹೇಗೆ ಹಂಚಲಿ?

ಕೋಟೆ ಬಾಗಿಲು (ಚಿತ್ರದುರ್ಗ)

ಮೊದಲನೆಯದು ಪ್ರೊಟೆಸ್ಟಂಟರೊಳಗಿನ ಹಳೆಯ ವಾದ. 1610ರಲ್ಲಿ ಅರ್ಮಿನಿಯಸ್ ಕಡೆಯವರು ಐದು ಅಂಶ ಬರೆದುಕೊಟ್ಟರು, ಡಾರ್ಟ್ ಸಭೆ 1618-19ರಲ್ಲಿ ಉತ್ತರ ಕೊಟ್ಟಿತು. ವೆಸ್ಲಿ ಕಡೆಯವರು ಒಂದು ಪಕ್ಕ, ಕ್ಯಾಲ್ವಿನ್ ಕಡೆಯವರು ಇನ್ನೊಂದು ಪಕ್ಕ. ನಾನು ಡಾರ್ಟ್, ಅಂದರೆ ಕ್ಯಾಲ್ವಿನ್ ಪಕ್ಷದವನು. ಆದರೂ ನಿಮ್ಮ ನಾಲ್ಕು ವಾರದಲ್ಲಿ ಇದನ್ನು ಬಿಡಿಸಲು ಹೋಗಬೇಡಿ ಅಂತಲೇ ಹೇಳುತ್ತೇನೆ, ಮುಕ್ಕಾಲು ಗಂಟೆ ಇದೇ ನುಂಗುತ್ತದೆ. ಯಾರೂ ಅಲ್ಲಗಳೆಯದ ಮೂರು ಜಾಗ ತೋರಿಸಿ ಮುಂದೆ ಹೋಗಿ. ಕೆಟ್ಟವರ ಮೇಲೂ ಒಳ್ಳೆಯವರ ಮೇಲೂ ಬಿಸಿಲು ಮಳೆ ಕೊಡುವ ಪ್ರೀತಿ ಮತ್ತಾಯ 5:45ರಲ್ಲಿದೆ. ಲೋಕಕ್ಕೆ ಮಗನನ್ನು ಕೊಟ್ಟ ಪ್ರೀತಿ ಯೋಹಾನ 3:16ರಲ್ಲಿ. ಯಾವ ಹೆಚ್ಚುಗಾರಿಕೆಯೂ ಇಲ್ಲದ ಜನವನ್ನು, ಪ್ರೀತಿಸಿದೆನಾದ್ದರಿಂದ ಪ್ರೀತಿಸಿದೆ ಎಂಬಷ್ಟೇ ಕಾರಣಕ್ಕೆ ತನ್ನವರಾಗಿ ಆರಿಸಿಕೊಂಡ ಪ್ರೀತಿ ಧರ್ಮೋಪದೇಶಕಾಂಡ 7:7, 8ರಲ್ಲಿ. ಒಂದನ್ನು ಹಿಡಿದು ಇನ್ನೊಂದನ್ನು ಅಳಿಸಬಾರದು.

ಹಂಚಿಕೆ ಹೀಗಿರಲಿ. ಮೊದಲ ವಾರ 1 ಯೋಹಾನ 4:8-10, ರೋಮಾಪುರ 5:6-8, ಯೋಹಾನ 3:16-18 ಮತ್ತು 36. ಎರಡನೆಯ ವಾರ 2 ಸಮುವೇಲ 11-12ರಿಂದ ಶುರುಮಾಡಿ ರೋಮಾಪುರ 3:19-26. ಈ ವಾರಕ್ಕೆ ಮುಕ್ಕಾಲು ಗಂಟೆ ಸಾಲದು, ಆ ದಿನ ಹಾಡು ಒಂದು ಕಡಿಮೆ ಮಾಡಿ. ದಾವೀದನ ಕಥೆ ಇಪ್ಪತ್ತು ನಿಮಿಷ ದಾಟದಂತೆ ನೋಡಿಕೊಳ್ಳಿ, ದಾಟಿದರೆ 3:25ಕ್ಕೆ ಬರುವಷ್ಟರಲ್ಲಿ ಎಲ್ಲರೂ ಮೊಬೈಲ್ ತೆಗೆದಿರುತ್ತಾರೆ. ಮೂರನೆಯ ವಾರ ರೋಮಾಪುರ 4:1-12, ಎರಡು ಖಾತೆ, 2 ಕೊರಿಂಥ 5:21. ನಾಲ್ಕನೆಯ ವಾರ ಎಫೆಸ 2:1-10, ಯಾಕೋಬ 2:14-26. ಯಾಕೋಬನನ್ನು ಮೊದಲೇ ತಂದರೆ ಕೃಪೆ ಕೂರುವ ಮುಂಚೆ ಷರತ್ತು ಕೂರುತ್ತದೆ. ಮೂರನೆಯ ವಾರ ಯಾರಾದರೂ ಕೇಳಿದರೆ ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟು ಮುಂದಿನ ಶನಿವಾರ ಎನ್ನಿ.

ಮಂಡಿಪೇಟೆ (ದಾವಣಗೆರೆ)

ನಾಲ್ಕನೆಯ ವಾರಕ್ಕೆ 1 ಯೋಹಾನ 5:13 ಸೇರಿಸಿ. ನಿತ್ಯಜೀವ ಉಂಟೆಂದು ತಿಳಿಯುವಂತೆ ಬರೆದಿದ್ದೇನೆ ಎನ್ನುತ್ತಾನೆ, ಆದ್ದರಿಂದ ನಿಶ್ಚಯ ಇಟ್ಟುಕೊಳ್ಳುವುದು ಅಹಂಕಾರವಲ್ಲ. ಅದೇ ಪತ್ರದಲ್ಲಿ ಪರೀಕ್ಷಿಸಿಕೊಳ್ಳುವ ಗುರುತುಗಳೂ ಇವೆ: ಕ್ರಿಸ್ತನ ಬಗ್ಗೆ ಸರಿಯಾದ ಒಪ್ಪಿಗೆ (4:2), ವಿಧೇಯತೆ (2:3), ಸಹೋದರ ಪ್ರೀತಿ (3:14). ದೀಕ್ಷಾಸ್ನಾನದ ಪ್ರಶ್ನೆ ಬಂದರೆ ಶಿಲುಬೆಯ ಮೇಲಿನ ಕಳ್ಳ (ಲೂಕ 23:43) ಮತ್ತು ಫಿಲಿಪ್ಪಿಯ ಸೆರೆಯ ಯಜಮಾನ (ಅಪೊಸ್ತಲರ ಕೃತ್ಯಗಳು 16:31-33) ಇಬ್ಬರನ್ನೂ ಓದಿಸಿ. ಒಬ್ಬನಿಗೆ ಅವಕಾಶವೇ ಇರಲಿಲ್ಲ, ಇನ್ನೊಬ್ಬ ಅದೇ ರಾತ್ರಿ ಮಾಡಿಸಿಕೊಂಡ. ಶಿಶು ಸ್ನಾನವೋ ಮುಳುಗು ಸ್ನಾನವೋ ಎಂಬ ಚರ್ಚೆಗೆ ಮಾತ್ರ ಅವತ್ತು ಬಾಗಿಲು ತೆರೆಯಬೇಡಿ. ಸಿಎಸ್‌ಐ, ಪೆಂಟೆಕೊಸ್ತ್ ಎರಡೂ ಕಡೆಯವರು ಒಂದೇ ಚಾಪೆ ಮೇಲೆ ಕೂತಿರುತ್ತಾರೆ.

ವಾಕ್ಯಗಳನ್ನು ವಾರಕ್ಕೊಂದು ಹಾಳೆಯಂತೆ ಪೂರ್ತಿ ಜೆರಾಕ್ಸ್ ಮಾಡಿಸಿ ಕೊಡಿ, ಬರೀ ಅಧ್ಯಾಯ ವಚನದ ಸಂಖ್ಯೆ ಕೊಟ್ಟರೆ ಸತ್ಯವೇದ ಇಲ್ಲದ ಹುಡುಗರು ಪಕ್ಕದವನ ಪುಸ್ತಕ ಇಣುಕುತ್ತಾ ಕೂರಬೇಕಾಗುತ್ತದೆ.